ಮಳೆಗಾಲ ಪೂರ್ತಿ ನಿಂತಿದ್ದ ಡರ್ಟ್ ಬೈಕ್ ಸ್ಟಾರ್ಟೇ ಆಗುತ್ತಿಲ್ಲ, ಎಲ್ಲಿಂದ ಶುರು ಮಾಡಲಿ?

ಕಣದ ಹುಡುಗ, ಮೂಡಿಗೆರೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮನೆಯಲ್ಲಿ ಒಂದು 140 ಸಿಸಿ ಡರ್ಟ್ ಬೈಕ್ ಇದೆ. ಫೋರ್ ಸ್ಟ್ರೋಕ್, ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ), ಬರೀ ಕಿಕ್ಕರ್. ಬ್ಯಾಟರಿ ಇಲ್ಲ, ಲೈಟೂ ಇಲ್ಲ. ತಮ್ಮ ದುಡಿದ ಮೊದಲ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಅವನು ಈಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ತೋಟದ ಒಳಗೆ ಮಾತ್ರ ಓಡಿಸುತ್ತೇವೆ.

ಜೂನ್ ಮೊದಲ ವಾರ ಕೊನೆಯ ಸಲ ಓಡಿಸಿದ್ದೆ. ಆಮೇಲೆ ಮಳೆ ಹಿಡಿಯಿತು. ಗೋಡೌನ್ ಹಿಂದಿನ ಮಾಡಿನ ಕೆಳಗೆ ನಿಲ್ಲಿಸಿ ಟಾರ್ಪಾಲ್ ಹೊದಿಸಿದೆ. ಐದು ತಿಂಗಳು ಆ ಕಡೆ ಹೋಗಲಿಲ್ಲ. ಹೋದ ಭಾನುವಾರ ತೆಗೆದೆ. ಸೀಟಿಗೆ ಬೂಷ್ಟು ಹಿಡಿದಿತ್ತು, ಒರೆಸಿದೆ. ಕಿಕ್ ಹೊಡೆದೆ, ಹೊಡೆದೆ, ಐವತ್ತು ಅರವತ್ತು ಸಲ ಆಯಿತು. ಒಂದು ಸಲವೂ ಗುರ್ ಅನ್ನಲಿಲ್ಲ. ಹಳೇ ಪೆಟ್ರೋಲ್ ಅರ್ಧ ಟ್ಯಾಂಕ್ ಇತ್ತು, ಮೇಲೆ ಹೊಸದು ಹಾಕಿ ತುಂಬಿಸಿದೆ. ಪ್ಲಗ್ ಹೊಸದು ಹಾಕಿದೆ. ಏನೂ ಇಲ್ಲ.

ಪೇಟೆಯ ಒಬ್ಬ ಮೆಕ್ಯಾನಿಕ್ ಬಂದು ನೋಡಿದರು. ಎರಡು ಕಿಕ್ ಹೊಡೆದು, ಎಂಜಿನ್ ಇಳಿಸಬೇಕು, ಹದಿನಾಲ್ಕು ಸಾವಿರ ಆಗುತ್ತದೆ ಅಂದರು. ಮುಂದಿನ ಶನಿವಾರ ತಮ್ಮ ಊರಿಗೆ ಬರುತ್ತಾನೆ. ಅವನ ಬೈಕು ನನ್ನ ಕೈಯಲ್ಲಿ ಹಾಳಾಯಿತು ಅಂತ ಆಗಬಾರದು. ಎಲ್ಲಿಂದ ಶುರು ಮಾಡಲಿ, ಹೇಳಿ.

ಬೇಲೂರು ರಸ್ತೆ:
ಕಿಲ್ ಸ್ವಿಚ್ ನೋಡಿದ್ರಾ? ಪೆಟ್ರೋಲ್ ಕಾಕ್ ಆನ್ ಇದೆಯಾ?

ಕಣದ ಹುಡುಗ:
ಎರಡೂ ನೋಡಿದೆ. ಕಾಕ್ ಆನ್‌ನಲ್ಲೂ ರಿಸರ್ವ್‌ನಲ್ಲೂ ಇಟ್ಟು ನೋಡಿದೆ. ಚೋಕ್ ಎಳೆದೂ ಹೊಡೆದಿದ್ದೇನೆ, ಬಿಟ್ಟೂ ಹೊಡೆದಿದ್ದೇನೆ.

ಕಡೂರು ಬಿಸಿಲು:
ಸಿಡಿಐ, ಅಂದರೆ ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಡಬ್ಬಿ, ಹೋಗಿದೆ. ಮಲೆನಾಡಿನ ಶೀತಕ್ಕೆ ಮೊದಲು ಹೋಗೋದೇ ಅದು. ಆನ್‌ಲೈನ್‌ನಲ್ಲಿ ತರಿಸಿ ಹಾಕಿ, ಮುಗೀತು.

ಹಾಸನ ಗ್ಯಾರೇಜ್:
ದಯವಿಟ್ಟು ಯಾರೂ ನೋಡದೆ ಸಾಮಾನು ಬದಲಿಸಲು ಹೇಳಬೇಡಿ. ನಾನು ಹಾಸನದಲ್ಲಿ 22 ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದೇನೆ. ಸಿಡಿಐ ತಂದು ಹಾಕಿಸಿಕೊಂಡು, ಆಮೇಲೆ ಹೆಚ್‌ಟಿ ಕಾಯಿಲ್ (ಪ್ಲಗ್‌ಗೆ ಜೋರು ಕರೆಂಟ್ ಕೊಡುವುದು) ಹಾಕಿಸಿಕೊಂಡು, ಕೊನೆಗೆ ಕಿಲ್ ಸ್ವಿಚ್ ವೈರ್ ಇಲಿ ಕಡಿದಿತ್ತು ಅಂತ ಗೊತ್ತಾದವರನ್ನು ನೋಡಿದ್ದೇನೆ. ಕರೆಂಟ್ ಬರುತ್ತಿದೆಯೋ ಇಲ್ಲವೋ ಅಂತಲೇ ಗೊತ್ತಿಲ್ಲ, ಆಗಲೇ ಸಿಡಿಐ ಹೋಗಿದೆ ಅಂದರೆ ಹೇಗೆ?

ಕಡೂರು ಬಿಸಿಲು:
ಅಣ್ಣ, ನನ್ನ ಗಾಡಿಯಲ್ಲಿ ಹಾಗೇ ಆಗಿತ್ತು, ಅದಕ್ಕೆ ಹೇಳಿದೆ. ಸರಿ, ಮೊದಲು ನೋಡಲಿ.

ಕಳಸದ ಮಳೆ:
ಮೂಡಿಗೆರೆ ಎತ್ತರ ಜಾಸ್ತಿ ಅಲ್ವಾ? ಗಾಳಿ ತೆಳು ಇರುತ್ತೆ. ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹೋಗುವ ತೂತಿನ ಜೆಟ್ ಸಣ್ಣದು ಹಾಕಬೇಕಾಗಬಹುದು.

ಬಿಸಿಲೆ ತಿರುವು:
ಮುಳ್ಳಯ್ಯನಗಿರಿ ತುದಿಯೇ 1930 ಮೀಟರ್. ಮೂಡಿಗೆರೆ ಅದರ ಅರ್ಧದ ಆಸುಪಾಸು. ಅಷ್ಟಕ್ಕೆಲ್ಲ ಬೈಕ್ ಪೂರ್ತಿ ಸ್ಟಾರ್ಟ್ ಆಗದೆ ಇರಲ್ಲ. ಅದೂ ಅಲ್ಲದೆ ಜೂನ್‌ನಲ್ಲಿ ಇದೇ ಜಾಗದಲ್ಲಿ ಓಡಿದೆ. ಜಾಗ ಬದಲಾಗಿಲ್ಲ. ಐದು ತಿಂಗಳಲ್ಲಿ ಬದಲಾಗಿದ್ದು ಏನು ಅಂತ ಹುಡುಕಬೇಕು.

ಕಳಸದ ಮಳೆ:
ಹೌದು, ಇದು ಸರಿ. ಮೊದಲು ಓಡಿತ್ತು ಅನ್ನೋದನ್ನ ನಾನು ಗಮನಿಸಲಿಲ್ಲ.

ಹಾಸನ ಗ್ಯಾರೇಜ್:
ಕಣದ ಹುಡುಗ, ಇದನ್ನು ನಿಧಾನವಾಗಿ ಓದಿ. ಎಂಜಿನ್‌ಗೆ ಬೇಕಾದ್ದು ಕರೆಂಟ್, ಪೆಟ್ರೋಲ್, ಗಾಳಿ, ಕಂಪ್ರೆಷನ್. ನಾಲ್ಕರಲ್ಲಿ ಯಾವುದಿಲ್ಲ ಅಂತ ಹುಡುಕಿ. ಒಂದೇ ಸಲ ಎಲ್ಲಾ ಬಿಚ್ಚಬೇಡಿ. ಒಂದು ನೋಡಿ, ಉತ್ತರ ಬರೆದುಕೊಂಡು, ಇನ್ನೊಂದಕ್ಕೆ ಹೋಗಿ.

ಮೊದಲು ಕರೆಂಟ್. ಪೆಟ್ರೋಲ್ ಕಾಕ್ ಮುಚ್ಚಿ. ಪ್ಲಗ್ ಬಿಚ್ಚಿ. ಬಿಚ್ಚಿದ ತಕ್ಷಣ ಅದರ ಮೂತಿ ನೋಡಿ. ಒದ್ದೆ ಇದೆಯಾ, ಒಣಗಿದೆಯಾ? ಇದು ತುಂಬಾ ಮುಖ್ಯ. ಅರವತ್ತು ಕಿಕ್ ಆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ.

ಆಮೇಲೆ ಪ್ಲಗ್ಗನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಕಬ್ಬಿಣದ ಭಾಗ ಎಂಜಿನ್ ಹೆಡ್‌ಗೆ ತಾಗಿಸಿ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ದೂರ ಇಡಿ, ತೂತಿಗೆ ಒಣ ಬಟ್ಟೆ ಒತ್ತಿ. ಒಳಗಿನ ಪೆಟ್ರೋಲ್ ಆವಿಗೆ ಕಿಡಿ ತಾಗಿದರೆ ಬೆಂಕಿ ಹಿಡಿಯುತ್ತದೆ. ಕ್ಯಾಪನ್ನು ಬರಿಗೈಲಿ ಹಿಡಿಯಬೇಡಿ, ಜೋರು ಶಾಕ್ ಹೊಡೆಯುತ್ತೆ. ನೆರಳಲ್ಲಿ ನೋಡಿ, ಬಿಸಿಲಲ್ಲಿ ಕಿಡಿ ಕಾಣಲ್ಲ. ನೀಲಿ ಬಣ್ಣದ ಚಟಚಟ ಕಿಡಿ ಬಂದರೆ ಒಳ್ಳೇದು. ಕೆಂಪು ಕೆಂಪಾಗಿ ಸಣ್ಣಗೆ ಬಂದರೆ ಶಕ್ತಿ ಸಾಲದು.

ಕಂಪ್ರೆಷನ್‌ಗೂ ದೊಡ್ಡ ಕೆಲಸ ಇಲ್ಲ. ಪ್ಲಗ್ ವೈರ್ ದೂರ ಇಟ್ಟು, ಪ್ಲಗ್ ತೂತಿಗೆ ಹೆಬ್ಬೆರಳು ಗಟ್ಟಿಯಾಗಿ ಒತ್ತಿ ಕಿಕ್ ಹೊಡೆಯಲು ಇನ್ನೊಬ್ಬರಿಗೆ ಹೇಳಿ. ಬೆರಳನ್ನು ಹೊರಗೆ ದೂಕಿದರೆ ಸ್ಟಾರ್ಟ್ ಆಗುವಷ್ಟು ಕಂಪ್ರೆಷನ್ ಇದೆ ಅಂತ ತಿಳಿಯಿರಿ. ಎಂಜಿನ್ ಇಳಿಸಬೇಕು ಅಂದವರು ಇದನ್ನು ನೋಡಿದರಾ?

ಕಣದ ಹುಡುಗ:
ಇಲ್ಲ, ಪ್ಲಗ್ಗನ್ನೇ ಬಿಚ್ಚಲಿಲ್ಲ. ಸಂಜೆ ಕೆಲಸದವರು ಹೋದ ಮೇಲೆ ನೋಡಿ ಬರೆಯುತ್ತೇನೆ. ತುಂಬಾ ಥ್ಯಾಂಕ್ಸ್ ಅಣ್ಣ.

ಟೂ ಸ್ಟ್ರೋಕ್ ಪ್ರೀತಿ, ಅರಸೀಕೆರೆ:
ಪ್ಲಗ್ ಒದ್ದೆ ಇದ್ದರೆ ಓವರ್‌ಫ್ಲೋ ಆಗಿರುತ್ತೆ. ಕಾಕ್ ಮುಚ್ಚಿ, ಚೋಕ್ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಹತ್ತು ಕಿಕ್ ಹೊಡೆಯಿರಿ. ಒಳಗಿನ ಪೆಟ್ರೋಲ್ ಹೊರಗೆ ಹೋಗುತ್ತೆ. ನನ್ನ ಆರ್‌ಎಕ್ಸ್ 100ಗೆ ಈಗಲೂ ಇದೇ ಮದ್ದು.

ಸಕಲೇಶಪುರ ಎಸ್ಟೇಟ್:
ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಟೈಟ್ ಆಗಿರಬಹುದು ಅಂತ ನನ್ನ ಅನುಮಾನ. ನನ್ನ ಗೆಳೆಯನ 250 ಸಿಸಿ ಮೋಟೋಕ್ರಾಸ್ ಬೈಕ್ ಹಾಗೇ ಆಗಿತ್ತು. ಕಿಕ್‌ಗೆ ಬರುತ್ತಲೇ ಇರಲಿಲ್ಲ, ಇಳಿಜಾರಲ್ಲಿ ಸೆಕೆಂಡ್ ಗೇರ್ ಹಾಕಿ ಬಿಟ್ಟರೆ ತಕ್ಷಣ ಸ್ಟಾರ್ಟ್. ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ.

ಹಾಸನ ಗ್ಯಾರೇಜ್:
ನೀವು ಹೇಳಿದ ಲಕ್ಷಣ ನಿಜ. ಟೈಟಾನಿಯಂ ವಾಲ್ವ್ ಇರುವ ರೇಸ್ ಬೈಕ್‌ಗಳಲ್ಲಿ ಅದು ಜಾಸ್ತಿ. ಆದರೆ ಅದು ಓಡಿ ಓಡಿ ಸವೆದು ಬರುವ ತೊಂದರೆ. ಇದು ಸುಮ್ನೆ ನಿಂತು ಕೆಟ್ಟ ಬೈಕು. ನಿಂತು ಕೆಟ್ಟದ್ದಕ್ಕೆ ಪೆಟ್ರೋಲ್, ನೀರು, ತುಕ್ಕು, ಇಲಿ, ಹುಳ ಇವೇ ಕಾರಣ. ಮೊದಲು ಅದನ್ನು ನೋಡೋಣ.

ಸಕಲೇಶಪುರ ಎಸ್ಟೇಟ್:
ಒಪ್ಪಿದೆ.

ಕಣದ ಹುಡುಗ:
ನೋಡಿದೆ. ಪ್ಲಗ್ ಪೂರ್ತಿ ಒಣಗಿತ್ತು. ಪೆಟ್ರೋಲ್ ವಾಸನೆಯೂ ಇಲ್ಲ. ಹೆಬ್ಬೆರಳನ್ನು ಜೋರಾಗಿ ದೂಕುತ್ತಿದೆ, ಅಪ್ಪ ಕಿಕ್ ಹೊಡೆದರು. ಕಿಡಿ ಬರುತ್ತಿದೆ, ಆದರೆ ಕೆಂಪಗೆ, ಮೂರು ಕಿಕ್‌ಗೆ ಒಂದು ಸಲ. ಅಂದರೆ ಎರಡು ತೊಂದರೆ ಇದೆಯಾ?

ಇಸಿ ಹುಡುಗಿ, ಹಾಸನ:
ಇರಬಹುದು. ಕರೆಂಟ್ ವಿಷಯ ನಾನು ಹೇಳುತ್ತೇನೆ. ಪ್ಲಗ್ ಕ್ಯಾಪನ್ನು ವೈರ್‌ನಿಂದ ತಿರುಗಿಸಿ ಬಿಚ್ಚಿ ನೋಡಿ. ಬಹಳ ಗಾಡಿಗಳಲ್ಲಿ ಅದು ಸ್ಕ್ರೂ ಥರ ಬರುತ್ತೆ. ಒಳಗಿನ ತಾಮ್ರದ ಎಳೆ ಹಸಿರಾಗಿ ಅಥವಾ ಕಪ್ಪಾಗಿ ಇದ್ದರೆ ತುದಿಯಲ್ಲಿ ಅರ್ಧ ಸೆಂಟಿಮೀಟರ್ ಕತ್ತರಿಸಿ. ಹೊಸ ತಾಮ್ರ ಕಾಣುತ್ತೆ. ಮತ್ತೆ ಕ್ಯಾಪ್ ತಿರುಗಿಸಿ ಹಾಕಿ. ಕ್ಯಾಪ್ ಒಳಗೆ ಶೀತ ಕೂತಿದ್ದರೆ ಒಣಗಿಸಿ.

ಆಮೇಲೆ ಹೆಚ್‌ಟಿ ಕಾಯಿಲ್ ಫ್ರೇಮಿಗೆ ಕೂತಿರುವ ಬೋಲ್ಟ್ ಬಿಚ್ಚಿ, ಆ ಜಾಗವನ್ನು ಮರಳು ಕಾಗದದಲ್ಲಿ ಉಜ್ಜಿ. ಅರ್ಥಿಂಗ್ ಆಗೋದು ಅಲ್ಲೇ. ತುಕ್ಕು ಇದ್ದರೆ ಕಿಡಿ ಸಣ್ಣ ಆಗುತ್ತೆ. ಹಾಗೂ ಸರಿ ಆಗದಿದ್ದರೆ ಕಿಲ್ ಸ್ವಿಚ್‌ನ ಕನೆಕ್ಟರ್ ಬಿಚ್ಚಿ ಕಿಡಿ ನೋಡಿ. ಇಂಥ ಬೈಕ್‌ನಲ್ಲಿ ಸ್ವಿಚ್ ಒತ್ತಿದಾಗ ಕರೆಂಟ್ ಫ್ರೇಮಿಗೆ ಹೋಗಿ ಎಂಜಿನ್ ನಿಲ್ಲುತ್ತದೆ. ಸ್ವಿಚ್ ಒಳಗೆ ನೀರು ಹೋಗಿದ್ದರೆ ಅದು ಒತ್ತದೇ ಸ್ವಲ್ಪ ಸ್ವಲ್ಪ ಅದೇ ಕೆಲಸ ಮಾಡುತ್ತಿರುತ್ತದೆ.

ಬೇಲೂರು ರಸ್ತೆ:
ಇಷ್ಟು ಚೆನ್ನಾಗಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಿಲ್ ಸ್ವಿಚ್ ಕರೆಂಟ್ ಕಟ್ ಮಾಡುತ್ತೆ ಅಂದುಕೊಂಡಿದ್ದೆ.

ಇಸಿ ಹುಡುಗಿ:
ಬ್ಯಾಟರಿ ಇರುವ ರಸ್ತೆ ಬೈಕ್‌ಗಳಲ್ಲಿ ಬಹಳ ಸಲ ಕಟ್ ಮಾಡುತ್ತೆ. ಬ್ಯಾಟರಿ ಇಲ್ಲದೆ, ಎಂಜಿನ್ ತಿರುಗಿದಾಗ ಮ್ಯಾಗ್ನೆಟ್‌ನಿಂದ ಕರೆಂಟ್ ಬರುವ ಗಾಡಿಯಲ್ಲಿ ಉಲ್ಟಾ.

ಕಣದ ಹುಡುಗ:
ಅಕ್ಕ, ವೈರ್ ತುದಿ ಪೂರ್ತಿ ಹಸಿರು! ಕತ್ತರಿಸಿ ಹಾಕಿದೆ. ಕಾಯಿಲ್ ಬೋಲ್ಟ್ ಜಾಗವನ್ನೂ ಉಜ್ಜಿದೆ. ಈಗ ಪ್ರತಿ ಕಿಕ್‌ಗೂ ನೀಲಿ ಕಿಡಿ. ಆದರೆ ಬೈಕ್ ಇನ್ನೂ ಸ್ಟಾರ್ಟ್ ಆಗಿಲ್ಲ.

ಕಡೂರು ಬಿಸಿಲು:
ನನ್ನ ಮಾತು ಕೇಳಿದ್ದರೆ ಸಿಡಿಐಗೆ ದುಡ್ಡು ಹೋಗುತ್ತಿತ್ತು. ಕ್ಷಮಿಸಿ.

ಹಾಸನ ಗ್ಯಾರೇಜ್:
ಒಂದು ಮುಗಿಯಿತು. ಈಗ ಪ್ಲಗ್ ಬಿಚ್ಚಿ, ತೂತಿನೊಳಗೆ ನಾಲ್ಕೈದು ಹನಿ ಹೊಸ ಪೆಟ್ರೋಲ್ ಬಿಡಿ. ಹನಿ ಅಂದರೆ ಹನಿ, ಮುಚ್ಚಳದಲ್ಲಿ ಸುರಿಯಬೇಡಿ. ಪ್ಲಗ್ ಹಾಕಿ, ಬಾಟಲಿ ದೂರ ಇಟ್ಟು ಕಿಕ್ ಹೊಡೆಯಿರಿ. ಎರಡು ಸೆಕೆಂಡ್ ಓಡಿ ನಿಂತರೆ ಕಾರ್ಬೊರೇಟರ್ ಬ್ಲಾಕ್ ಅಂತ ಖಾತ್ರಿ.

ಕಣದ ಹುಡುಗ:
ಓಡಿತು!! ಮೂರು ಸೆಕೆಂಡ್ ಓಡಿ ನಿಂತಿತು. ಐದು ತಿಂಗಳ ಮೇಲೆ ಆ ಸದ್ದು ಕೇಳಿ ಅಪ್ಪನೂ ಕಣದಿಂದ ಓಡಿ ಬಂದರು.

ಆಲ್ದೂರು ಅಕ್ಕ:
ಓದಿ ನನಗೇ ಖುಷಿ ಆಯಿತು. ಮುಂದೆ ಹೇಳಿ.

ಹಾಸನ ಗ್ಯಾರೇಜ್:
ಕಾರ್ಬೊರೇಟರ್ ಕೆಳಗಿನ ಬಟ್ಟಲಿಗೆ ಒಂದು ಸಣ್ಣ ಡ್ರೈನ್ ಸ್ಕ್ರೂ ಇರುತ್ತದೆ. ಕೆಳಗೆ ಗಾಜಿನ ಲೋಟ ಹಿಡಿದು ಅದನ್ನು ಸಡಿಲ ಮಾಡಿ. ಕಾಕ್ ಆನ್ ಇರಲಿ. ಏನು ಬರುತ್ತೆ, ಎಷ್ಟು ಬರುತ್ತೆ ಅಂತ ಹೇಳಿ.

ಕಣದ ಹುಡುಗ:
ಮೊದಲು ಏನೂ ಬರಲಿಲ್ಲ. ತಂತಿಯಿಂದ ಡ್ರೈನ್ ತೂತು ಚುಚ್ಚಿದ ಮೇಲೆ ಟೀ ಬಣ್ಣದ್ದು ಬಂತು. ಲೋಟದಲ್ಲಿ ಹತ್ತು ನಿಮಿಷ ಇಟ್ಟೆ. ಕೆಳಗೆ ಒಂದು ಬೆರಳು ದಪ್ಪ ಬೇರೆ ಪದರ ಕೂತಿದೆ. ನೀರು ಅಲ್ವಾ?

ಬಿಸಿಲೆ ತಿರುವು:
ನೀರೇ. ಎಥನಾಲ್ ಹಾಕಿದ ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ಒಂದು ಮಿತಿ ದಾಟಿದ ಮೇಲೆ ನೀರು ಮತ್ತು ಎಥನಾಲ್ ಸೇರಿ ತಳಕ್ಕೆ ಇಳಿಯುತ್ತೆ. ನೂರಕ್ಕೆ 20ರಷ್ಟು ಎಥನಾಲ್ ಇರುವ ಇ20 ಪೆಟ್ರೋಲ್ ಬಂದ ಮೇಲೆ ಮಲೆನಾಡಿನಲ್ಲಿ ಗಾಡಿ ನಿಲ್ಲಿಸೋದೇ ಕಷ್ಟ ಆಗಿದೆ.

ಟೂ ಸ್ಟ್ರೋಕ್ ಪ್ರೀತಿ:
ಎಲ್ಲದಕ್ಕೂ ಎಥನಾಲ್ ಮೇಲೆ ಹಾಕಬೇಡಿ. ಇ20 ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ. ಅದಕ್ಕೂ ಎಷ್ಟೋ ವರ್ಷ ಮುಂಚೆ ನಮ್ಮಪ್ಪನ ಗಾಡಿ ಮೂರು ತಿಂಗಳು ನಿಂತರೆ ಜೆಟ್ ಬ್ಲಾಕ್ ಆಗುತ್ತಿತ್ತು. ಪೆಟ್ರೋಲ್ ಆವಿಯಾಗಿ ಅಂಟು ಉಳಿಯೋದು ಮೊದಲಿಂದಲೂ ಇದೆ.

ಬಿಸಿಲೆ ತಿರುವು:
ಅಂಟು ಮೊದಲೂ ಇತ್ತು, ಒಪ್ಪುತ್ತೇನೆ. ಆದರೆ ಲೋಟದ ತಳದಲ್ಲಿ ಇಷ್ಟು ನೀರು ಮೊದಲು ಇರುತ್ತಿರಲಿಲ್ಲ. 20ರಷ್ಟು ಎಥನಾಲ್ ಅಂದರೆ ಲೀಟರ್‌ಗೆ 200 ಎಂಎಲ್. ಸಣ್ಣ ವಿಷಯ ಅಲ್ಲ.

ಟೂ ಸ್ಟ್ರೋಕ್ ಪ್ರೀತಿ:
ದಿನಾ ಓಡುವ ಗಾಡಿಗೆ ಈ ತೊಂದರೆ ಬರಲ್ಲ. ವಾರಕ್ಕೊಮ್ಮೆ ಪೆಟ್ರೋಲ್ ಬದಲಾಗುತ್ತಿರುತ್ತೆ. ಅರ್ಧ ಟ್ಯಾಂಕ್ ಇಟ್ಟು ಐದು ತಿಂಗಳು ಬಿಟ್ಟಿದ್ದು ತಪ್ಪು. ಖಾಲಿ ಜಾಗದ ತೇವ ಎಲ್ಲಾ ಪೆಟ್ರೋಲಿಗೇ ಇಳಿಯಿತು.

ಹಾಸನ ಗ್ಯಾರೇಜ್:
ಇಬ್ಬರೂ ಹೇಳಿದ್ದು ಇದೇ ಬೈಕ್‌ನಲ್ಲಿ ಕಾಣುತ್ತಿದೆ, ಅಂಟೂ ಇದೆ, ನೀರೂ ಇದೆ. ಕಣದ ಹುಡುಗ, ಹಳೇದರ ಮೇಲೆ ಹೊಸದು ಸುರಿದಿದ್ದೀರಿ, ತಳದ ನೀರು ಹಾಗೇ ಇದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಕಾಕ್ ಬಿಚ್ಚಿ ಅದರ ಜಾಲರಿ ತೊಳೆಯಿರಿ. ಆಮೇಲೆ ಕಾರ್ಬೊರೇಟರ್ ಇಳಿಸಿ. ಬಟ್ಟಲು ತೆಗೆದರೆ ಎರಡು ಹಿತ್ತಾಳೆ ಜೆಟ್ ಕಾಣುತ್ತವೆ. ದೊಡ್ಡದು ಮೇನ್, ಪಕ್ಕದ ಸಣ್ಣದು ಪೈಲಟ್. ಸ್ಟಾರ್ಟ್ ಆಗಲು, ಐಡಲ್ ನಿಲ್ಲಲು ಬೇಕಾದ್ದು ಪೈಲಟ್ ಜೆಟ್. ಅದರ ತೂತು ಅರ್ಧ ಮಿಲಿಮೀಟರ್‌ಗಿಂತ ಸಣ್ಣದು. ಬೆಳಕಿಗೆ ಹಿಡಿದು ನೋಡಿ, ದುಂಡಗೆ ಬೆಳಕು ಕಾಣಬೇಕು.

ಹೊರಗೆ ಒಂದು ಮಿಕ್ಸ್ಚರ್ ಸ್ಕ್ರೂ ಇರುತ್ತದೆ. ಬಿಚ್ಚುವ ಮುಂಚೆ ಅದನ್ನು ಮೆಲ್ಲಗೆ ಒಳಗೆ ತಿರುಗಿಸಿ, ಎಷ್ಟು ಸುತ್ತು ಹೋಯಿತು ಅಂತ ಎಣಿಸಿ ಬರೆದಿಡಿ. ವಾಪಸ್ ಅಷ್ಟೇ ಸುತ್ತಿಗೆ ಇಡಬೇಕು. ಇದನ್ನು ಮರೆತವರು ಆಮೇಲೆ ಟ್ಯೂನಿಂಗ್‌ಗೆ ಒಂದು ವಾರ ಒದ್ದಾಡುತ್ತಾರೆ.

ಕಳಸದ ಮಳೆ:
ಜೆಟ್‌ಗೆ ಹೊಲಿಗೆ ಸೂಜಿ ಹಾಕಿದರೆ ತಟ್ಟನೆ ಬಿಡುತ್ತೆ.

ಹಾಸನ ಗ್ಯಾರೇಜ್:
ಬೇಡ! ಸೂಜಿ ಉಕ್ಕು, ಜೆಟ್ ಹಿತ್ತಾಳೆ. ತೂತು ದೊಡ್ಡದಾದರೆ ಮಿಕ್ಸ್ಚರ್ ಕೆಟ್ಟು ಹೊಸ ಜೆಟ್ ಹಾಕಬೇಕಾಗುತ್ತೆ. ಹಳೇ ವೈರ್ ಸುಲಿದು ಒಂದೇ ಒಂದು ತಾಮ್ರದ ಎಳೆ ತೆಗೆದುಕೊಳ್ಳಿ. ಕಾರ್ಬ್ ಕ್ಲೀನರ್ ಹೊಡೆದು ಅರ್ಧ ಗಂಟೆ ನೆನೆಸಿ, ಆಮೇಲೆ ಎಳೆ ಹಾಕಿ, ಕೊನೆಗೆ ಸೈಕಲ್ ಪಂಪ್‌ನಿಂದ ಗಾಳಿ ಬಿಡಿ. ಸ್ಪ್ರೇ ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಒಂದು ತೂತಿಗೆ ಹೊಡೆದರೆ ಇನ್ನೊಂದರಿಂದ ನೇರ ಮುಖಕ್ಕೆ ಬರುತ್ತೆ. ರಬ್ಬರ್ ರಿಂಗ್‌ಗಳನ್ನು ಮೊದಲೇ ತೆಗೆದಿಡಿ.

ಆಲ್ದೂರು ಅಕ್ಕ:
ಒಂದು ಮಾತು. ಆ ಹಳೇ ಪೆಟ್ರೋಲನ್ನು ಹಳ್ಳಕ್ಕೆ ಸುರಿಯಬೇಡಿ. ಹೇಮಾವತಿ ಹುಟ್ಟೋದೇ ನಿಮ್ಮ ಮೂಡಿಗೆರೆ ತಾಲೂಕಿನ ಜಾವಳಿಯಲ್ಲಿ. ನಿಮ್ಮ ತೋಟದ ಹಳ್ಳವೂ ಅಲ್ಲಿಗೇ ಸೇರಬಹುದು. ಕ್ಯಾನ್‌ನಲ್ಲಿ ತುಂಬಿ ಮುಚ್ಚಳ ಹಾಕಿ ಗ್ಯಾರೇಜಿಗೆ ಕೊಡಿ, ಸಾಮಾನು ತೊಳೆಯಲು ತೆಗೆದುಕೊಳ್ಳುತ್ತಾರೆ.

ಕಣದ ಹುಡುಗ:
ಖಂಡಿತ ಅಕ್ಕ, ಕ್ಯಾನ್‌ಗೆ ತುಂಬಿದ್ದೇನೆ. ನಮ್ಮ ಮನೆ ನೀರೂ ಆ ಹಳ್ಳದ್ದೇ.

ಸಕಲೇಶಪುರ ಎಸ್ಟೇಟ್:
ಏರ್ ಫಿಲ್ಟರ್ ಡಬ್ಬಿಯನ್ನೂ ತೆಗೆದು ನೋಡಿ. ನನ್ನದರಲ್ಲಿ ಇಲಿ ಮರಿ ಹಾಕಿತ್ತು. ಫೋಮ್ ಪೂರ್ತಿ ಕಚ್ಚಿ ಹಾಸಿಗೆ ಮಾಡಿಕೊಂಡಿತ್ತು. ಆ ಚೂರು ಎಂಜಿನ್ ಒಳಗೆ ಹೋಗಿದ್ದರೆ ಕಥೆ ಮುಗಿಯುತ್ತಿತ್ತು.

ಕಣದ ಹುಡುಗ:
ಗುರುವಾರದ ವರದಿ. ಫಿಲ್ಟರ್ ಚೆನ್ನಾಗಿತ್ತು, ತೊಳೆದು ಎಣ್ಣೆ ಹಾಕಿದೆ. ಕಾರ್ಬೊರೇಟರ್ ಒಳಗೆ ಬಿಳಿ ಪುಡಿ, ಹಸಿರು ಅಂಟು. ಪೈಲಟ್ ಜೆಟ್‌ನಲ್ಲಿ ಬೆಳಕು ಕಾಣಲೇ ಇಲ್ಲ. ಮೂರು ಸಲ ನೆನೆಸಿ, ತಾಮ್ರದ ಎಳೆ ಹಾಕಿದ ಮೇಲೆ ಬಿಟ್ಟಿತು. ಮಿಕ್ಸ್ಚರ್ ಸ್ಕ್ರೂ ಒಂದು ಮುಕ್ಕಾಲು ಸುತ್ತು ಇತ್ತು, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಎಲ್ಲಾ ಜೋಡಿಸಿ, ಟ್ಯಾಂಕ್ ಕಂಠದ ತನಕ ಹೊಸ ಪೆಟ್ರೋಲ್ ಹಾಕಿದೆ.

ಮೂರನೇ ಕಿಕ್. ಸ್ಟಾರ್ಟ್!

ಕಣ್ಣಲ್ಲಿ ನೀರು ಬಂತು, ನಿಜವಾಗಿ ಹೇಳುತ್ತಿದ್ದೇನೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಬೇಲೂರು ರಸ್ತೆ:
ಸೂಪರ್!

ಇಸಿ ಹುಡುಗಿ:
ಹದಿನಾಲ್ಕು ಸಾವಿರ ಉಳಿಯಿತು. ತಮ್ಮನಿಗೆ ಒಳ್ಳೇ ಹೆಲ್ಮೆಟ್ ಕೊಡಿಸಿ.

ಟೂ ಸ್ಟ್ರೋಕ್ ಪ್ರೀತಿ:
ಎಂಜಿನ್ ಆಯಿಲ್ ಬದಲಿಸಿ. ಶೀತಕ್ಕೆ ಒಳಗೂ ನೀರು ಕೂತಿರುತ್ತೆ. ಆಯಿಲ್ ಹಾಲಿನ ಥರ ಬೆಳ್ಳಗಿದ್ದರೆ ಒಂದೇ ಸಲ ಬದಲಿಸಿದರೆ ಸಾಲದು.

ಸಕಲೇಶಪುರ ಎಸ್ಟೇಟ್:
ಬೈಕ್ ಓಡಲು ಶುರುವಾಯಿತು, ಈಗ ಒಂದು ಕೋರಿಕೆ. ಸೈಲೆನ್ಸರ್ ಒಳಗಿನ ಸಾಮಾನು ತೆಗೆದು ಓಡಿಸಬೇಡಿ. ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆಗಳು ತೋಟದಲ್ಲೇ ಇರುತ್ತವೆ. ಜೋರು ಸದ್ದಿನ ಬೈಕ್‌ನಲ್ಲಿ ಹೋದರೆ ಆನೆ ಪಕ್ಕದಲ್ಲೇ ನಿಂತಿದ್ದರೂ ಕೊಂಬೆ ಮುರಿಯುವ ಶಬ್ದ ಕೇಳಲ್ಲ. ಬೆಳಿಗ್ಗೆ ಕೆಲಸಕ್ಕೆ ಬರುವವರಿಗೂ ಅಪಾಯ. ನಮ್ಮಲ್ಲಿ ಈಗ ಆನೆ ಎಲ್ಲಿದೆ ಅಂತ ವಿಚಾರಿಸದೆ ಯಾರೂ ಬೈಕ್ ತೆಗೆಯಲ್ಲ.

ಕಳಸದ ಮಳೆ:
ರಜೆ ದಿನ ಮುಳ್ಳಯ್ಯನಗಿರಿ ಕಡೆ ಹುಲ್ಲಿನ ಮೇಲೆ ಬೈಕ್ ಹತ್ತಿಸೋರನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ಒಂದು ಸಲ ಚಕ್ರದ ಗೆರೆ ಬಿದ್ದರೆ ಮುಂದಿನ ಮಳೆಗೆ ಅದೇ ಕೊರಕಲು ಆಗುತ್ತೆ.

ಬಿಸಿಲೆ ತಿರುವು:
ನಂಬರ್ ಪ್ಲೇಟ್ ಇಲ್ಲದ ಬೈಕ್ ತೋಟದ ಗೇಟ್ ದಾಟಬಾರದು. 1988ರ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ರಿಜಿಸ್ಟ್ರೇಷನ್ ಇಲ್ಲದ ಗಾಡಿಯನ್ನು ರಸ್ತೆಗೆ ತರುವ ಹಾಗಿಲ್ಲ. ಹತ್ತಿರದ ಅಂಗಡಿಗೆ ಅಂತ ಹೋದರೂ ಅಷ್ಟೇ.

ಕಡೂರು ಬಿಸಿಲು:
ಸರಿಯಾಗಿ ಕಲಿಯಬೇಕು ಅನ್ನೋರಿಗೆ ದಾರಿ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಹಲವು ದಿನ ನಡೆಯುವ ದೂರದ ರೇಸ್ ಆದ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಆದರು, 36ನೇ ಸ್ಥಾನ. ಅದನ್ನು ಓದಿಯೇ ನನಗೆ ಈ ಹುಚ್ಚು ಹಿಡಿದದ್ದು.

ಆಲ್ದೂರು ಅಕ್ಕ:
ನನಗೆ ಬೈಕ್ ರೇಸರ್ ಐಶ್ವರ್ಯಾ ಪಿಸ್ಸೆ ಅಂದರೆ ಇಷ್ಟ. 2019ರಲ್ಲಿ ರಸ್ತೆ ಇಲ್ಲದ ಕಡೆ ನಡೆಯುವ ಬಾಹಾ ರೇಸ್‌ಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ನನ್ನ ಮಗಳಿಗೆ ಆ ಫೋಟೊ ತೋರಿಸಿದ್ದೆ. ಈಗ ಕಣದಲ್ಲಿ ಸೈಕಲ್ ಹಾರಿಸುತ್ತಾಳೆ.

ಕಣದ ಹುಡುಗ:
ಮತ್ತೆ ತೊಂದರೆ ಕೊಡುತ್ತಿದ್ದೇನೆ. ಇವತ್ತು ಬೆಳಿಗ್ಗೆ ಎಂಟು ನಿಮಿಷ ಚೆನ್ನಾಗಿ ಓಡಿ, ತೋಟದ ಮಧ್ಯ ನಿಂತಿತು. ಮೆಲ್ಲಗೆ ಶಕ್ತಿ ಕಡಿಮೆ ಆಗಿ ನಿಂತದ್ದು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಸ್ಟಾರ್ಟ್ ಆಯಿತು. ಮತ್ತೆ ಐದು ನಿಮಿಷಕ್ಕೆ ನಿಂತಿತು. ಮಧ್ಯಾಹ್ನ ಬಿಸಿಲಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಓಡಿತು. ನಾಳೆ ತಮ್ಮ ಬರುತ್ತಾನೆ.

ಕಡೂರು ಬಿಸಿಲು:
ಬಿಸಿ ಆದಾಗ ನಿಂತು, ತಣ್ಣಗಾದ ಮೇಲೆ ಬರುತ್ತೆ ಅಂದರೆ ಮ್ಯಾಗ್ನೆಟ್ ಕಾಯಿಲ್. ಈ ಸಲ ಗ್ಯಾರಂಟಿ.

ಇಸಿ ಹುಡುಗಿ:
ಕಾಯಿಲ್ ಬಿಸಿಗೆ ಹೋಗೋದು ನಿಜ. ಆದರೆ ಹಾಗಿದ್ದರೆ ಮಧ್ಯಾಹ್ನದ ಬಿಸಿಲಲ್ಲಿ ಬೇಗ ನಿಲ್ಲಬೇಕಿತ್ತು. ಇದು ಉಲ್ಟಾ ಇದೆ. ಕರೆಂಟ್ ಹೋದರೆ ತಟ್ಟನೆ ನಿಲ್ಲುತ್ತೆ ಕೂಡ. ಮೆಲ್ಲಗೆ ಸೊರಗಿ ನಿಂತಿದೆ ಅಂದರೆ ಪೆಟ್ರೋಲ್ ಇರಬೇಕು.

ಸಕಲೇಶಪುರ ಎಸ್ಟೇಟ್:
ಜೆಟ್‌ಗೆ ಮತ್ತೆ ಕಸ ಬಂದಿರಬಹುದು.

ಹಾಸನ ಗ್ಯಾರೇಜ್:
ಕಸ ಬಂದಿದ್ದರೆ ಹತ್ತು ನಿಮಿಷ ಬಿಟ್ಟ ಮಾತ್ರಕ್ಕೆ ತಾನೇ ಸರಿ ಆಗಲ್ಲ. ನಿಂತ ಕ್ಷಣವೇ ಎರಡು ಕೆಲಸ ಮಾಡಿ. ಪ್ಲಗ್ ತೆಗೆದು ಕಿಡಿ ನೋಡಿ. ಬಟ್ಟಲಿನ ಡ್ರೈನ್ ಸ್ಕ್ರೂ ಬಿಚ್ಚಿ ಪೆಟ್ರೋಲ್ ಧಾರೆ ನೋಡಿ.

ಆಲ್ದೂರು ಅಕ್ಕ:
ಅದಕ್ಕೂ ಮುಂಚೆ ಒಂದು ಮಾಡಿ. ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ಎಳೆದ ಸದ್ದು ಬರುತ್ತಾ ಅಂತ ಕಿವಿಕೊಟ್ಟು ಕೇಳಿ.

ನಮ್ಮ ಮನೆಯ ಪವರ್ ಸ್ಪ್ರೇಯರ್ ಎರಡು ವರ್ಷದ ಹಿಂದೆ ಹೀಗೇ ಮಾಡಿತ್ತು. ಗಿಡಕ್ಕೆ ಬೋರ್ಡೋ ಮದ್ದು ಹೊಡೆಯುವ ಸಮಯ, ಐದು ನಿಮಿಷಕ್ಕೊಮ್ಮೆ ನಿಲ್ಲುತ್ತಿತ್ತು. ನಾಲ್ಕು ಜನ ಕೂಲಿಯವರು ಸುಮ್ನೆ ಕೂತಿದ್ದರು. ಕೊನೆಗೆ ನೋಡಿದರೆ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ತೂತಿನಲ್ಲಿ ಕುಂಬಾರ ಹುಳ ಮಣ್ಣು ತುಂಬಿಸಿ ಗೂಡು ಕಟ್ಟಿತ್ತು. ನಿಮ್ಮ ಬೈಕ್‌ನಲ್ಲಿ ಮುಚ್ಚಳದಿಂದ ಒಂದು ರಬ್ಬರ್ ಪೈಪ್ ಬರುತ್ತಾ? ಅದರ ತುದಿ ನೋಡಿ.

ಬಿಸಿಲೆ ತಿರುವು:
ಇದೇ! ಬಾಟಲಿ ತಲೆಕೆಳಗೆ ಮಾಡಿದರೆ ನೀರು ಗಕ್ಕು ಗಕ್ಕು ಅಂತ ನಿಂತು ನಿಂತು ಬರುತ್ತಲ್ಲ, ಗಾಳಿ ಒಳಗೆ ಹೋಗದಿದ್ದರೆ ಹಾಗೆ. ಟ್ಯಾಂಕ್ ಕಂಠದ ತನಕ ತುಂಬಿದ್ದೀರಿ, ಮೇಲೆ ಗಾಳಿಗೆ ಜಾಗ ಕಡಿಮೆ. ಸ್ವಲ್ಪ ಪೆಟ್ರೋಲ್ ಇಳಿದ ಕೂಡಲೇ ಎಳೆತ ಬಂದು ಧಾರೆ ನಿಲ್ಲುತ್ತೆ. ಮಧ್ಯಾಹ್ನ ಬಿಸಿಲಿಗೆ ಪೆಟ್ರೋಲ್ ಆವಿಯಾಗಿ ಒಳಗಿನಿಂದ ಒತ್ತಡ ಕೊಟ್ಟಿದೆ, ಅದಕ್ಕೇ ಜಾಸ್ತಿ ಹೊತ್ತು ಓಡಿದೆ.

ಹಾಸನ ಗ್ಯಾರೇಜ್:
ಅಕ್ಕ ಹೇಳಿದ್ದೇ ಮೊದಲು ನೋಡಿ. ನನಗೆ ಇದು ತಕ್ಷಣ ಹೊಳೆಯಬೇಕಿತ್ತು.

ಕಣದ ಹುಡುಗ:
ಉಸ್ ಅಂತು! ಜೋರಾಗಿ!

ಪೈಪ್ ಎಳೆದು ನೋಡಿದೆ. ಹ್ಯಾಂಡಲ್ ಹತ್ತಿರ ಸಿಕ್ಕಿಸಿದ್ದ ತುದಿಯಲ್ಲಿ ಕಲ್ಲಿನಂಥ ಮಣ್ಣು. ತಂತಿ ಹಾಕಿ ಒಡೆದೆ. ಒಳಗೆ ಏಳೆಂಟು ಸಣ್ಣ ಜೇಡ, ಒಣಗಿ ಹೋಗಿದ್ದವು. ಪೈಪ್ ಕತ್ತರಿಸದೆ ಪೂರ್ತಿ ತೊಳೆದು ಊದಿದೆ, ಗಾಳಿ ಸರಾಗ. ನಲವತ್ತು ನಿಮಿಷ ಓಡಿಸಿ ಬಂದೆ. ಒಂದು ಸಲವೂ ನಿಲ್ಲಲಿಲ್ಲ. ಜೇಡ ಯಾಕೆ ಇತ್ತು ಅಂತ ಗೊತ್ತಾಗಲಿಲ್ಲ.

ಆಲ್ದೂರು ಅಕ್ಕ:
ಕುಂಬಾರ ಹುಳ ಒಂದು ಜಾತಿ ಕಣಜ. ಜೇಡಕ್ಕೆ ಚುಚ್ಚಿ ಅಲ್ಲಾಡದ ಹಾಗೆ ಮಾಡಿ ಗೂಡಿಗೆ ತುಂಬುತ್ತದೆ. ಮೊಟ್ಟೆ ಇಟ್ಟು ಬಾಯಿಗೆ ಮಣ್ಣು ಮೆತ್ತುತ್ತದೆ. ಮರಿಗೆ ಅದೇ ಊಟ. ಗೋಡೆ ಮೂಲೆ, ಬೀಗದ ತೂತು, ಸೈಲೆನ್ಸರ್, ಎಲ್ಲಿ ಕೊಳವೆ ಸಿಕ್ಕರೂ ಬಿಡಲ್ಲ. ಸೈಲೆನ್ಸರ್ ತುದಿಗೂ ಬಟ್ಟೆ ತುರುಕಿ ಇಡಬೇಕು.

ಬೇಲೂರು ರಸ್ತೆ:
ಮುಂದಿನ ಮಳೆಗಾಲಕ್ಕೆ ಹೇಗೆ ನಿಲ್ಲಿಸಬೇಕು ಅಂತಲೂ ಹೇಳಿ. ನನ್ನದೂ ಪ್ರತಿ ವರ್ಷ ಇದೇ ಗೋಳು.

ಹಾಸನ ಗ್ಯಾರೇಜ್:
ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗಿಸಿ. ಕಾಕ್ ಮುಚ್ಚಿ ಎಂಜಿನ್ ತಾನೇ ನಿಲ್ಲುವ ತನಕ ಓಡಿಸಿ, ಬಟ್ಟಲಿನ ಡ್ರೈನ್ ಬಿಚ್ಚಿ ಉಳಿದ ಹನಿಯನ್ನೂ ತೆಗೆಯಿರಿ. ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮೆಲ್ಲಗೆ ಎರಡು ಕಿಕ್ ತುಳಿಯಿರಿ, ಸಿಲಿಂಡರ್ ತುಕ್ಕು ಹಿಡಿಯಲ್ಲ. ಟಾರ್ಪಾಲ್ ಬೇಡವೇ ಬೇಡ, ಒಳಗೆ ತೇವ ಕೂಡಿಹಾಕುತ್ತೆ. ಹಳೇ ಹತ್ತಿ ಸೀರೆ ಹೊದಿಸಿ. ಸೈಲೆನ್ಸರ್‌ಗೆ ಬಟ್ಟೆ ತುರುಕಿದರೆ ಹ್ಯಾಂಡಲ್‌ಗೆ ಒಂದು ಚೀಟಿ ಕಟ್ಟಿ, ಇಲ್ಲದಿದ್ದರೆ ಮರೆತು ಕಿಕ್ ಹೊಡೆಯುತ್ತೀರಿ.

ಇಸಿ ಹುಡುಗಿ:
ಪ್ಲಗ್ ಕ್ಯಾಪ್ ಮತ್ತು ಕನೆಕ್ಟರ್‌ಗಳಿಗೆ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸ್ವಲ್ಪ ಹಚ್ಚಿ. ಆ ಹಸಿರು ಮತ್ತೆ ಬರಲ್ಲ.

ಕಣದ ಹುಡುಗ:
ಎಲ್ಲಾ ಬರೆದುಕೊಂಡೆ.

ತಮ್ಮ ಬೆಳಗಿನ ಬಸ್ಸಿಗೆ ಬಂದ. ಬ್ಯಾಗ್ ಇಳಿಸಿ ನೇರ ಗೋಡೌನ್ ಹಿಂದೆ ಹೋದ. ಎರಡನೇ ಕಿಕ್‌ಗೆ ಸ್ಟಾರ್ಟ್ ಆಯಿತು. ಏನೂ ಆಗಿಲ್ಲ ಅಂದುಕೊಂಡ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಮುಕ್ಕಾಲು ಅಂತ ಬರೆದಿದ್ದನ್ನು ನೋಡಿ, ಇದೇನು ಅಂತ ಕೇಳಿದ. ಕೂರಿಸಿಕೊಂಡು ಎಲ್ಲಾ ಹೇಳಿದೆ. ನಿಮ್ಮೆಲ್ಲರ ಮಾತನ್ನೂ ಓದಿಸಿದೆ. ಈಗ ಇಬ್ಬರೂ ಸೇರಿ ಆಯಿಲ್ ಬದಲಿಸುತ್ತಿದ್ದೇವೆ. ಸ್ವಲ್ಪ ಬೆಳ್ಳಗಿದೆ.

ಟೂ ಸ್ಟ್ರೋಕ್ ಪ್ರೀತಿ:
ಹಾಗಾದರೆ ಹೊಸ ಆಯಿಲ್ ಹಾಕಿ ಒಂದು ಗಂಟೆ ಓಡಿಸಿ, ಮತ್ತೆ ಬದಲಿಸಿ. ದುಬಾರಿ ಆಯಿಲ್ ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಆಲ್ದೂರು ಅಕ್ಕ:
ಪೈಪಿನ ತುದಿಗೆ ಏನು ಕಟ್ಟಿದಿರಿ?

ಕಣದ ಹುಡುಗ:
ಹಳೇ ಸೊಳ್ಳೆ ಪರದೆಯ ತುಂಡು, ಅಕ್ಕ. ಅಮ್ಮ ದಾರದಲ್ಲಿ ಬಿಗಿದು ಕಟ್ಟಿಕೊಟ್ಟರು. ಗಾಳಿ ಹೋಗುತ್ತೆ, ಹುಳ ಹೋಗಲ್ಲ.